ಸಕ್ಕರೆ ಹಾಕೋದು ರುಚಿಗಲ್ಲ ಕಣ್ರೀ

ಈ ಸಲ ಮಿಡಿ ಕಾಲಕ್ಕೆ ಸರಿಯಾಗಿ ಊರಲ್ಲಿದ್ದೆ. ಊರು ಅಂದ್ರೆ ಭದ್ರಾವತಿ, ಅದರಲ್ಲೂ ಓಲ್ಡ್ ಟೌನ್. (ಗೊತ್ತಿಲ್ಲದವರಿಗೆ: ಹೊಳೆಯ ಈ ಕಡೆ ಓಲ್ಡ್ ಟೌನ್, ಆ ಕಡೆ ನ್ಯೂ ಟೌನ್, ಇನ್ನೊಂದು ಮೂಲೆಗೆ ಪೇಪರ್ ಟೌನ್. ಎಂಪಿಎಂನಲ್ಲಿ ಪೇಪರ್ ಮಾಡೋದು 2015ರಲ್ಲೇ ನಿಂತುಹೋಯ್ತು, ಹೆಸರು ಮಾತ್ರ ಉಳ್ಕೊಂಡಿದೆ. ಮೂರಕ್ಕೂ ಇಂಗ್ಲಿಷ್ ಹೆಸರು. ಕನ್ನಡದಲ್ಲಿ ಬ್ಲಾಗ್ ಬರೆಯೋನಿಗೆ ಇದೊಂದು ಮುಜುಗರ ಬೇರೆ!)

ಸಾಗರದ ಕಡೆಯಿಂದ ಯಾರೋ ನೆಂಟರು ಒಂದು ಚೀಲ ಅಪ್ಪೆಮಿಡಿ ತಂದು ಇಳಿಸಿ ಹೋಗಿದ್ರು. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು, ತೊಟ್ಟು ಮುರಿಯದ ಹಾಗೆ ಒಂದೊಂದೇ ಮಿಡಿ ಒರೆಸಿ ಭರಣಿಗೆ ಹಾಕ್ತಾ ಇದ್ಲು. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು, ಮತ್ತೆ ಮಿಡಿ, ಮತ್ತೆ ಉಪ್ಪು. ನಾನು ಪಕ್ಕದಲ್ಲಿ ಕೂತು ಸಹಾಯ ಮಾಡೋ ನಾಟಕ ಮಾಡ್ತಾ "ಅಜ್ಜಿ, ನೀರು ಯಾವಾಗ ಹಾಕೋದು?" ಅಂತ ಕೇಳಿದೆ.

"ನೀರು ಹಾಕಿದ್ರೆ ಕೊಳೆತು ಹೋಗತ್ತೆ ಮಾರಾಯ. ಅದೇ ಬಿಡತ್ತೆ, ನಾಳೆ ನೋಡು."

ಬಿಟ್ಟಿತ್ತು. ಮೂರನೇ ದಿನಕ್ಕೆ ಭರಣಿ ತುಂಬ ನೀರು, ಗಟ್ಟಿಯಾಗಿ ಉಬ್ಬಿಕೊಂಡಿದ್ದ ಮಿಡಿಗಳೆಲ್ಲ ಅಜ್ಜಿಯ ಕೈಯ ಹಾಗೆ ಸುಕ್ಕುಸುಕ್ಕು. ಹೊರಗಿಂದ ಒಂದು ಹನಿ ಹಾಕಿಲ್ಲ. ಅಷ್ಟೂ ನೀರು ಮಿಡಿಯ ಜೀವಕೋಶಗಳ ಒಳಗಿದ್ದದ್ದು, ಪೊರೆ ದಾಟಿ ಉಪ್ಪಿನ ಕಡೆಗೆ ಬಂದದ್ದು. ಮಿಡಿ ಕೊಳೆಸೋಕೆ ಬರುವ ಬ್ಯಾಕ್ಟೀರಿಯಾಕ್ಕೂ ಅದೇ ಗತಿ. ಅದರ ಮೈಯೊಳಗಿನ ನೀರನ್ನೂ ಉಪ್ಪು ಎಳೆದುಕೊಳ್ಳುತ್ತೆ. ಹಾಗಾಗಿ ಉಪ್ಪಿನಕಾಯಿ ವರ್ಷಗಟ್ಟಲೆ ಇರುತ್ತೆ.

ಇದನ್ನ ನಾನು ಶಾಲೆಯಲ್ಲಿ ಓದಿದ್ದೆ. ಓದಿದ್ದೆ ಏನು, ಉರು ಹೊಡೆದಿದ್ದೆ! "ಅರೆಪ್ರವೇಶ್ಯ ಪೊರೆಯ ಮೂಲಕ ನೀರಿನ ಅಣುಗಳು ಅವುಗಳ ಹೆಚ್ಚು ಸಾರತೆಯಿಂದ ಕಡಿಮೆ ಸಾರತೆಯೆಡೆಗೆ..." ಅಂತ ಏನೋ ಒಂದು ರೈಲು. ಮೂರು ಅಂಕದ ಪ್ರಶ್ನೆ. ಆಲೂಗಡ್ಡೆ ಕೊರೆದು ಸಕ್ಕರೆ ನೀರು ತುಂಬಿ ಗುಂಡುಸೂಜಿ ಚುಚ್ಚಿದ ಚಿತ್ರ ಬರೆದರೆ ಇನ್ನೆರಡು ಅಂಕ. ಅಭಿಸರಣೆ ಅಂತ ಅದರ ಹೆಸರು. ಎಷ್ಟು ಚಂದದ ಪದ ನೋಡಿ! ಪ್ರಿಯಕರನನ್ನು ಹುಡುಕಿಕೊಂಡು ರಾತ್ರಿ ಹೊರಟವಳು ಅಭಿಸಾರಿಕೆ, ಉಪ್ಪನ್ನು ಹುಡುಕಿಕೊಂಡು ಹೊರಟ ನೀರಿನದು ಅಭಿಸರಣೆ, ಎರಡೂ ಒಂದೇ ಧಾತು. ಯಾರೋ ಪುಣ್ಯಾತ್ಮರು ರಸಿಕರೇ ಇರಬೇಕು ಈ ಪದ ಆರಿಸಿದವರು. ಆದರೆ ನಮ್ಮ ಕ್ಲಾಸಲ್ಲಿ ಯಾರೂ ಇದನ್ನ ಹೇಳಲಿಲ್ಲ. ಮಿಡಿ ಭರಣಿಯನ್ನೂ ಯಾರೂ ತೋರಿಸಲಿಲ್ಲ. ಮಲೆನಾಡಿನ ಮಕ್ಕಳಿಗೆ ಪಾಠ ಮಾಡ್ತಾ, ಕಾಲಿಗೆ ಹತ್ತಿದ ಇಂಬಳದ ಮೇಲೆ ಉಪ್ಪು ಹಾಕಿದ್ರೆ ಯಾಕೆ ಅದು ಮುದುಡಿ ಬೀಳುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಸೌತೆಕಾಯಿ ಕೋಸಂಬರಿಗೆ ಉಪ್ಪು ಕೊನೇಗೆ ಹಾಕು, ಇಲ್ಲಾಂದ್ರೆ ನೀರು ಬಿಟ್ಟುಕೊಳ್ಳುತ್ತೆ ಅಂತ ಪ್ರತಿ ಹಬ್ಬಕ್ಕೂ ಅಮ್ಮ ಹೇಳೋದು ಕೇಳಿದ್ದೆ. ಅದೂ ಇದೂ ಒಂದೇ ಅಂತ ತಲೆಗೆ ಹೋಗಲೇ ಇಲ್ಲ. ಅಡುಗೆಮನೆ ಬೇರೆ, ವಿಜ್ಞಾನ ಬೇರೆ. ಮಧ್ಯೆ ಒಂದು ಪೊರೆ, ಅದಕ್ಕೆ ಬಾಗಿಲೇ ಇಲ್ಲ.

ಇಷ್ಟೇ ಆಗಿದ್ರೆ ಶಿಕ್ಷಣ ಪದ್ಧತಿಯನ್ನ ಬೈದು ಮುಗಿಸಬಹುದಿತ್ತು. ಎಲ್ಲರೂ ಬೈತಾರೆ, ನಾನೂ ಬೈದೆ ಅಂತ ಆಗ್ತಿತ್ತು. ಆದರೆ ಕಳೆದ ವರ್ಷ ಈ ಬಾಗಿಲಿಲ್ಲದ ಪೊರೆ ನಮ್ಮ ಮನೆಗೇ ಬಂತು.

2025ರ ಏಪ್ರಿಲ್. ಅಕ್ಕ ಮಗಳನ್ನ ಕರ್ಕೊಂಡು ಓಲ್ಡ್ ಟೌನ್ ಮನೆಗೆ ಬಂದಿದ್ಲು, ನಾನೂ ಬೆಂಗಳೂರಿಂದ ನಾಲ್ಕು ದಿನ ವರ್ಕ್ ಫ್ರಮ್ ಹೋಮ್ ಅಂತ ಹೇಳಿ ಹೋಗಿದ್ದೆ. ಪುಟ್ಟಿಗೆ ಆಗ ಎರಡು ವರ್ಷ. ಒಂದು ಬೆಳಗ್ಗೆ ವಾಂತಿ ಶುರುವಾಯ್ತು, ಹತ್ತು ಗಂಟೆ ಹೊತ್ತಿಗೆ ಭೇದಿ. ಡಾಕ್ಟರಿಗೆ ಫೋನ್ ಮಾಡಿದ್ರೆ "ಓಆರ್‌ಎಸ್ ಕೊಡ್ತಾ ಇರಿ, ಜಾಸ್ತಿ ಆದ್ರೆ ಕರ್ಕೊಂಡ್ ಬನ್ನಿ" ಅಂದ್ರು. ನಾನೇ ಬೈಕ್ ತಗೊಂಡು ಹೋಗಿ ಒಂದು ಮೆಡಿಕಲ್ ಶಾಪಲ್ಲಿ ಓಆರ್‌ಎಸ್ ಕೇಳಿದೆ. ಪೌಡರ್ ಬೇಕಾ, ರೆಡಿ ಬೇಕಾ ಅಂದ. ರೆಡಿ ಇರುವಾಗ ಪೌಡರ್ ಯಾಕೆ? ಹಸಿರು ಸೇಬಿನ ಚಿತ್ರ ಇರೋ ಟೆಟ್ರಾ ಪ್ಯಾಕ್ ನಾಲ್ಕು ತಂದೆ. ಓಆರ್‌ಎಸ್ ಅನ್ನೋ ಮೂರಕ್ಷರ ಎದ್ದು ಕಾಣೋ ಹಾಗಿತ್ತು.

ಪುಟ್ಟಿ ಗಟಗಟ ಕುಡೀತು. ನಮಗೆಲ್ಲ ಖುಷಿ. ಕುಡಿದ ಅರ್ಧ ಗಂಟೆಗೆ ಮತ್ತೆ ಭೇದಿ, ನೀರು ನೀರು. ಮತ್ತೆ ಪ್ಯಾಕ್. ಮತ್ತೆ ಭೇದಿ. ಮಧ್ಯಾಹ್ನ ಮೂರರ ಹೊತ್ತಿಗೆ ಅಳೋದಕ್ಕೆ ಶುರು ಮಾಡಿದ್ರೆ ಕಣ್ಣಲ್ಲಿ ನೀರೇ ಬರಲಿಲ್ಲ. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಯಿ ಅಳ್ತಾ ಇದೆ, ಕಣ್ಣು ಒಣಗಿದೆ, ಗುಳಿ ಬಿದ್ದಿದೆ. ಬೆಳಗ್ಗೆಯಿಂದ ಉಚ್ಚೆ ಹೊಯ್ದಿಲ್ಲ ಅಂತ ಅಕ್ಕನಿಗೆ ಆವಾಗ ಹೊಳೀತು. ಆಟೋ ಹತ್ತಿದ್ವಿ.

ಡ್ರಿಪ್ ಹಾಕಿದ್ರು, ಮಾರನೇ ದಿನ ಸಂಜೆಗೆ ಎದ್ದು ಕೂತಳು. ಈಗ ಚೆನ್ನಾಗಿದಾಳೆ, ಮೊನ್ನೆ ನನ್ನ ಲ್ಯಾಪ್‌ಟಾಪಿನ ಎರಡು ಕೀ ಕಿತ್ತಿದ್ದಾಳೆ :) ಆದರೆ ಆ ರಾತ್ರಿ ಡ್ಯೂಟಿ ಡಾಕ್ಟರ್, ನಮ್ಮ ಕೈಚೀಲದಲ್ಲಿದ್ದ ಉಳಿದ ಒಂದು ಪ್ಯಾಕನ್ನ ತಿರುಗಿಸಿ, ಹಿಂದುಗಡೆ ಇರುವೆ ಸಾಲಿನಷ್ಟು ಸಣ್ಣಕ್ಕೆ ಇಂಗ್ಲಿಷಲ್ಲಿ ಬರೆದಿದ್ದರ ಮೇಲೆ ಉಗುರು ಇಟ್ಟು ತೋರಿಸಿದ್ರು. ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಓಆರ್‌ಎಸ್ ಅಲ್ಲ ಅಂತ ಅದರಲ್ಲೇ ಇತ್ತು! "ಇಂಜಿನಿಯರ್ ಅಂತೀರಿ, ಓದಲಿಲ್ವ?" ಅಂದ್ರು. ಬೈಗುಳ ಅಲ್ಲ, ಸುಸ್ತಾದ ದನಿಯಲ್ಲಿ ಕೇಳಿದ್ದು. ದಿನಕ್ಕೆ ಎಷ್ಟು ಜನರನ್ನ ಹಾಗೆ ಕೇಳಿದ್ರೋ.

ಆ ಪ್ಯಾಕಿಂದಲೇ ಪುಟ್ಟಿಗೆ ಹಾಗಾಯ್ತು ಅಂತ ನಾನು ಹೇಳೋದಿಲ್ಲ. ರೋಗ ಮೊದಲೇ ಇತ್ತು. ಆದರೆ ಅವಳಿಗೆ ಬೇಕಾದ್ದನ್ನ ನಾನು ಕೊಡಲಿಲ್ಲ, ಬೇಡದ್ದನ್ನ ಕೊಟ್ಟೆ. ಆಸ್ಪತ್ರೆಯ ಸ್ಟೀಲ್ ಬೆಂಚಿನ ಮೇಲೆ ಕೂತು ಮೊಬೈಲಲ್ಲಿ ಓದೋಕೆ ಶುರು ಮಾಡಿದವನು ಬೆಳಗಿನ ನಾಲ್ಕರವರೆಗೂ ಓದಿದೆ. ಓದಿದ್ದನ್ನ ಇಲ್ಲಿ ಹೇಳಬೇಕು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಮ್ಮ ಕರುಳಿನ ಒಳಗೆ ದಿನಕ್ಕೆ ಎಂಟು ಒಂಬತ್ತು ಲೀಟರ್ ನೀರು ಬೀಳುತ್ತಂತೆ. ಕುಡಿದದ್ದು ಎರಡು ಲೀಟರ್ ಅಷ್ಟೆ, ಉಳಿದದ್ದೆಲ್ಲ ಜೊಲ್ಲು, ಜಠರರಸ, ಪಿತ್ತ ಅಂತ ದೇಹವೇ ಸುರಿಯೋದು. ಅಷ್ಟರಲ್ಲಿ ಹೊರಗೆ ಹೋಗೋದು ನೂರು ಇನ್ನೂರು ಎಂಎಲ್. ಉಳಿದದ್ದನ್ನೆಲ್ಲ ಕರುಳಿನ ಗೋಡೆಯ ಕೋಶಗಳು ವಾಪಸ್ ಎಳ್ಕೊಳ್ಳುತ್ತವೆ. ಹೇಗೆ ಎಳ್ಕೊಳ್ಳುತ್ತವೆ? ನೀರನ್ನ ನೇರವಾಗಿ ಎಳೆಯುವ ಪಂಪು ಜೀವಕೋಶಕ್ಕೆ ಇಲ್ಲ. ನೀರು ಹೋಗೋಕೆ ಕೊಳವೆ ಇದೆ, ಅಕ್ವಾಪೋರಿನ್ ಅಂತ, ಅದನ್ನ ಕಂಡುಹಿಡಿದ ಪೀಟರ್ ಅಗ್ರೆಗೆ 2003ರಲ್ಲಿ ನೊಬೆಲ್ ಬಂತು. ಆದರೆ ಕೊಳವೆಗೆ ಎಳೆಯೋ ಶಕ್ತಿ ಇಲ್ಲವಲ್ಲ. ಮಿಡಿಯ ಕಥೆಯೇ ಇಲ್ಲೂ. ಉಪ್ಪು ಎಲ್ಲಿಗೆ ಹೋಗುತ್ತೋ ನೀರು ಅಲ್ಲಿಗೆ. ಅಂದ್ರೆ ಕರುಳಿಂದ ರಕ್ತದ ಕಡೆಗೆ ನೀರು ಬರಬೇಕಾದ್ರೆ ಮೊದಲು ಉಪ್ಪು, ಅದರಲ್ಲೂ ಸೋಡಿಯಂ, ಬರಬೇಕು.

ಈಗ ಪಂಪಿನ ವಿಷಯ. ನಮ್ಮ ಮೈಯ ಒಂದೊಂದು ಕೋಶದ ಪೊರೆಯಲ್ಲೂ ಒಂದು ಪಂಪ್ ಇದೆ. ಒಂದು ಎಟಿಪಿ ಸುಟ್ಟು ಮೂರು ಸೋಡಿಯಂ ಆಚೆ ಹಾಕುತ್ತೆ, ಎರಡು ಪೊಟ್ಯಾಸಿಯಂ ಒಳಗೆ ತರುತ್ತೆ. ಹಗಲೂ ರಾತ್ರಿ. ನಾವು ಸುಮ್ಮನೆ ಮಲಗಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಭಾಗ ಈ ಪಂಪೇ ತಿನ್ನುತ್ತಂತೆ. (ನಮ್ಮ ಕಡೆ ಬ್ಯಾಕ್‌ಗ್ರೌಂಡ್ ಪ್ರೋಸೆಸ್ ಒಂದು ಅಷ್ಟು ಸಿಪಿಯು ತಿಂದ್ರೆ ಮ್ಯಾನೇಜರ್ ಟಿಕೆಟ್ ಎತ್ತಿಬಿಡ್ತಾರೆ!) ಇಷ್ಟೆಲ್ಲ ಖರ್ಚು ಮಾಡಿ ಏನು ಸಿಗುತ್ತೆ ಅಂದ್ರೆ, ಕೋಶದ ಹೊರಗೆ ಸೋಡಿಯಂ ಒಳಗಿನ ಹತ್ತು ಪಟ್ಟು. ಡೆನ್ಮಾರ್ಕಿನ ಯೆನ್ಸ್ ಸ್ಕೌ ಅನ್ನೋರು 1957ರಲ್ಲಿ ಇದನ್ನ ಕಂಡುಹಿಡಿದದ್ದು ಏಡಿಯ ನರದಲ್ಲಿ. ನಾವು ಏಡಿ ಸಿಕ್ಕಿದ್ರೆ ಸಾರು ಮಾಡ್ತೀವಿ, ಅವರಿಗೆ ನಲವತ್ತು ವರ್ಷ ಬಿಟ್ಟು, 1997ರಲ್ಲಿ, ಅದಕ್ಕೇ ನೊಬೆಲ್ ಸಿಕ್ತು.

ಹತ್ತು ಪಟ್ಟು ಯಾಕೆ ಬೇಕು? ಭದ್ರಾವತಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಮಳೆಗಾಲ ಬಂದ್ರೆ ನಮ್ಮೂರಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ, ಡ್ಯಾಂ ಎಷ್ಟಾಯ್ತು ಅಂತ. 186 ಅಡಿ ತುಂಬಿದ್ರೆ ನಿರಾಳ. ನೀರು ಎತ್ತರದಲ್ಲಿ ನಿಂತಿದೆ ಅಂದ್ರೆ ಅದು ಬೀಳುವಾಗ ಬಿಆರ್‌ಪಿಯಲ್ಲಿ ಕರೆಂಟ್ ಬರುತ್ತೆ, ಆಮೇಲೆ ನಾಲೆಗೆ ಹೋಗಿ ಗದ್ದೆ ತೋಟ ತಲುಪುತ್ತೆ. ಹೊರಗೆ ಒಟ್ಟಾಗಿ ನಿಂತ ಸೋಡಿಯಂ ಅಂಥದ್ದೇ ಒಂದು ಡ್ಯಾಂ. ಒಳಗೆ ಬೀಳೋಕೆ ಕಾಯ್ತಾ ನಿಂತಿರುತ್ತೆ. ಹಾಗೆ ಬೀಳುವಾಗ ಕೋಶ ಅದರ ಕೈಯಲ್ಲಿ ಬೇರೆ ಕೆಲಸ ಮಾಡಿಸಿಕೊಳ್ಳುತ್ತೆ. ಡ್ಯಾಂ ತುಂಬಿಸೋಕೆ ಮಳೆ ಇದೆ. ಇಲ್ಲಿ ಮಳೆ ಇಲ್ಲ, ಪಂಪೇ ಎತ್ತಿ ಹಾಕಬೇಕು. ತುಂಗೆಯಿಂದ 17.4 ಟಿಎಂಸಿ ನೀರು ಎತ್ತಿ ಭದ್ರಾ ಜಲಾಶಯಕ್ಕೆ ಹಾಕೋದು ಅಂತ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಇದೆಯಲ್ಲ, ಹಾಗೆ.

ಇಲ್ಲಿಗೆ ಸಕ್ಕರೆ ಬರುತ್ತೆ. ಕರುಳಿನ ಕೋಶದ ಒಳಮುಖಕ್ಕೆ ಒಂದು ಬಾಗಿಲಿದೆ. ಅದು ಸೋಡಿಯಂ ಒಂದೇ ಬಂದ್ರೆ ತೆರೆಯಲ್ಲ, ಗ್ಲೂಕೋಸ್ ಒಂದೇ ಬಂದ್ರೂ ತೆರೆಯಲ್ಲ. ಎರಡು ಸೋಡಿಯಂ, ಒಂದು ಗ್ಲೂಕೋಸ್, ಜೊತೆಯಾಗಿ ಬಂದ್ರೆ ಮಾತ್ರ ಒಳಗೆ ಬಿಡುತ್ತೆ. ಒಳಗೆ ಬಂದ ಸೋಡಿಯಂನ್ನ ಆ ಬದಿಯ ಪಂಪ್ ರಕ್ತದ ಕಡೆಗೆ ನೂಕುತ್ತೆ, ಗ್ಲೂಕೋಸ್ ಬೇರೆ ಬಾಗಿಲಿಂದ ಅದೇ ಕಡೆಗೆ ಇಳಿಯುತ್ತೆ, ನೀರು ಹಿಂದೆ ಹಿಂದೆ ಬರುತ್ತೆ, ನಮ್ಮ ಅಭಿಸಾರಿಕೆ! 1960ರಲ್ಲಿ ರಾಬರ್ಟ್ ಕ್ರೇನ್ ಅನ್ನೋ ವಿಜ್ಞಾನಿ ಪ್ರಾಗ್ ನಗರದ ಒಂದು ಸಮ್ಮೇಳನದಲ್ಲಿ ಈ ಜೋಡಿ ಬಾಗಿಲಿನ ವಿಷಯ ಹೇಳಿದ್ರು. ಅದಕ್ಕೆ ಒಂದು ವರ್ಷ ಮೊದಲು, 1959ರಲ್ಲಿ, ಕೋಲ್ಕತ್ತದ ಶಂಭುನಾಥ್ ಡೇ ಕಾಲರಾ ರೋಗಾಣು ಉಗುಳೋ ವಿಷವೇ ಕರುಳಿಂದ ನೀರು ಸುರಿಸೋದು ಅಂತ ತೋರಿಸಿದ್ರು. ಕಾಲರಾ ಬಂದಾಗ ಕರುಳು ಕ್ಲೋರೈಡನ್ನ ಆಚೆ ಚೆಲ್ಲುತ್ತೆ, ಸಾಮಾನ್ಯ ಉಪ್ಪು ಒಳಗೆ ಬರೋ ದಾರಿ ಮುಚ್ಚುತ್ತೆ. ಉಪ್ಪು ನೀರು ಕೊಟ್ಟರೂ ನಿಲ್ಲಲ್ಲ. ಆದರೆ ಈ ಜೋಡಿ ಬಾಗಿಲನ್ನ ಮಾತ್ರ ಆ ವಿಷ ಮುಟ್ಟೋದಿಲ್ಲ. ಮನೆ ಪೂರ್ತಿ ಹೊತ್ತಿಕೊಂಡಿದ್ದಾಗ ಹಿತ್ತಲ ಬಾಗಿಲೊಂದು ತೆರೆದಿರೋ ಹಾಗೆ.

ಓಆರ್‌ಎಸ್ ಅಂದ್ರೆ ಇಷ್ಟೇ. ಆ ಹಿತ್ತಲ ಬಾಗಿಲಿನ ಕೀ. ಸಕ್ಕರೆ ಹಾಕೋದು ಮಗುವಿಗೆ ರುಚಿಯಾಗಲಿ ಅಂತ ಅಲ್ಲ, ಶಕ್ತಿ ಬರಲಿ ಅಂತಲೂ ಅಲ್ಲ. ಸೋಡಿಯಂಗೆ ಜೊತೆ ಬೇಕು ಅಂತ. ನಾನು ಇಪ್ಪತ್ತೇಳು ವರ್ಷ ಇದು "ಗ್ಲೂಕೋಸ್ ಕುಡಿದ್ರೆ ತ್ರಾಣ ಬರುತ್ತೆ" ಜಾತಿಯದ್ದು ಅಂತಲೇ ತಿಳ್ಕೊಂಡಿದ್ದೆ. ನಮ್ಮೂರಲ್ಲಿ ಯಾವ ಡ್ರಿಪ್ ಹಾಕಿಸಿಕೊಂಡ್ರೂ "ಗ್ಲೂಕೋಸ್ ಹಾಕ್ಸಿಕೊಂಡು ಬಂದೆ" ಅಂತಲೇ ಹೇಳೋದು, ಬಾಟಲಲ್ಲಿ ಬರೀ ಉಪ್ಪು ನೀರಿದ್ರೂ ಸರಿ.

ಹಾಗಾಗಿ ಅಳತೆ ಮುಖ್ಯ. 2002ರಿಂದ ಇರೋ ಅಳತೆ ಹೀಗೆ: ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6, ಸಿಟ್ರೇಟ್ 2.9, ಪೊಟ್ಯಾಸಿಯಂ ಕ್ಲೋರೈಡ್ 1.5. ಒಟ್ಟು 20.5 ಗ್ರಾಂ. ಸಾಮಾನ್ಯ ತಂಪು ಪಾನೀಯದಲ್ಲಿ ಲೀಟರಿಗೆ ನೂರು ಗ್ರಾಂ ಆಸುಪಾಸು ಸಕ್ಕರೆ ಇರುತ್ತೆ, ಸೋಡಿಯಂ ನೆಪಕ್ಕೆ. ಅಷ್ಟೊಂದು ಸಕ್ಕರೆ ಬಾಗಿಲ ಮುಂದೆ ಬಂದು ನಿಂತ್ರೆ ಒಳಗೆ ಹೋಗೋಕೆ ಸೋಡಿಯಂ ಜೊತೆ ಸಿಗಬೇಕಲ್ಲ? ಸಿಗದ ಸಕ್ಕರೆ ಕರುಳಲ್ಲೇ ಉಳಿಯುತ್ತೆ. ಉಳಿದ ಸಕ್ಕರೆ ಏನು ಮಾಡುತ್ತೆ? ಭರಣಿಯ ಉಪ್ಪು ಮಾಡಿದ್ದನ್ನೇ. ಮಗುವಿನ ಮೈಯ ನೀರನ್ನ ಕರುಳಿಗೆ ಎಳ್ಕೊಳ್ಳುತ್ತೆ. ನಾನು ಆ ದಿನ ಪುಟ್ಟಿಗೆ ಕುಡಿಸಿದ್ದು ಅದು. ಕುಡಿಯೋಕೆ ಅಂತ ಕೊಟ್ಟ ನೀರು ಒಳಗಿದ್ದ ನೀರನ್ನೂ ಕರ್ಕೊಂಡು ಹೋಯ್ತು.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ.

ಆಫೀಸಲ್ಲಿ ಇದನ್ನ ಹೇಳಿದಾಗ ಒಬ್ಬ ಗೆಳೆಯ ಅಂದ, "ಕಾಮನ್ ಜನಕ್ಕೆ ಇದೆಲ್ಲ ಯಾಕೋ? ಪ್ಯಾಕೆಟ್ ಕೊಡು, ಲೀಟರ್ ನೀರಿಗೆ ಹಾಕು ಅಂತ ಹೇಳು, ಸಾಕು." ಅವನ ಮಾತಿಗೆ ಇತಿಹಾಸದ ಬೆಂಬಲವೂ ಇದೆ, ಇಲ್ಲ ಅನ್ನಲ್ಲ. 1971ರ ಬಾಂಗ್ಲಾ ಯುದ್ಧದ ಸಮಯ, ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ. ಡ್ರಿಪ್ ಬಾಟಲಿಗಳು ಮುಗಿದುಹೋದವು. ದಿಲೀಪ್ ಮಹಲನಾಬಿಸ್ ಅನ್ನೋ ಡಾಕ್ಟರ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಪೊಟ್ಟಣ ಕಟ್ಟಿಸಿ, ಡ್ರಮ್ಮಲ್ಲಿ ಕಲಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ನೂರಕ್ಕೆ ಮೂವತ್ತರಂತೆ ಸಾಯ್ತಿದ್ದ ಕಡೆ ಸಾವು ನೂರಕ್ಕೆ ನಾಲ್ಕಕ್ಕಿಂತ ಕಮ್ಮಿಗೆ ಇಳೀತು. ಲೋಟ ಹಿಡಿದ ತಾಯಂದಿರಿಗೆ ಸೋಡಿಯಂ ಬಾಗಿಲು ಗೊತ್ತಿತ್ತಾ? ಇರಲಿಲ್ಲ. (ಮಹಲನಾಬಿಸ್ 2022ರಲ್ಲಿ ತೀರಿಕೊಂಡ್ರು, ಪದ್ಮವಿಭೂಷಣ ಬಂದದ್ದು ಆಮೇಲೆ, 2023ರಲ್ಲಿ. ನಾವು ಹೀಗೇ ಅಲ್ವಾ.)

ಆದರೆ ಬನಗಾಂವ್ ಶಿಬಿರದಲ್ಲಿ ಆ ಡ್ರಮ್ಮಿನ ಪಕ್ಕ ಸೇಬಿನ ಚಿತ್ರ ಹಾಕ್ಕೊಂಡ ಇನ್ನೊಂದು ಡ್ರಮ್ ಇರಲಿಲ್ಲ. ವ್ಯತ್ಯಾಸ ಅಲ್ಲೇ ಇರೋದು. ಒಂದೇ ಪೊಟ್ಟಣ ಸಿಗೋ ಜಾಗದಲ್ಲಿ ಹೇಳಿದ್ದು ಮಾಡಿದ್ರೆ ಸಾಕು. ಕಪಾಟಿನ ತುಂಬ ಒಂದೇ ಹೆಸರಿನ ಹತ್ತು ಡಬ್ಬ ಇರೋ ಜಾಗದಲ್ಲಿ ಯಾಕೆ ಅಂತ ಗೊತ್ತಿಲ್ಲದೋನು ರುಚಿ ನೋಡಿ ಆರಿಸ್ತಾನೆ. ನಾನು ಆರಿಸಿದ ಹಾಗೆ. ನಮ್ಮ ಕೆಲಸದಲ್ಲೂ ಇದನ್ನ ನೋಡ್ತೀವಿ. ಯಾರೋ ಬುದ್ಧಿವಂತ ಬರೆದಿಟ್ಟ ಕಾನ್ಫಿಗ್ ಫೈಲ್, ಒಂದೊಂದು ಸಂಖ್ಯೆಗೂ ಕಾರಣ ಇರುತ್ತೆ, ಕಾಮೆಂಟ್ ಬರೆದಿರಲ್ಲ. ಎರಡು ವರ್ಷ ಬಿಟ್ಟು ಬಂದ ಹುಡುಗ "ಇದು ಸ್ವಲ್ಪ ಜಾಸ್ತಿ ಮಾಡಿದ್ರೆ ಒಳ್ಳೇದಲ್ವ" ಅಂತ ಬದಲಾಯಿಸ್ತಾನೆ. ಆಮೇಲೆ ರಾತ್ರಿ ಎರಡಕ್ಕೆ ನಮಗೆ ಫೋನ್ ಬರುತ್ತೆ. ಓಆರ್‌ಎಸ್‌ಗೂ ಜನ ಮಾಡೋದು ಅದೇ. ಮಗು ಕುಡೀತಿಲ್ಲ ಅಂತ ಇನ್ನೆರಡು ಚಮಚ ಸಕ್ಕರೆ. ಲೀಟರ್ ಯಾರು ಕುಡೀತಾರೆ ಅಂತ ದೊಡ್ಡ ಪ್ಯಾಕೆಟ್ಟನ್ನ ಒಂದು ಲೋಟಕ್ಕೆ ಸುರಿಯೋದು. ಭೇದಿ ನಿಲ್ಲಲಿಲ್ಲ, ಇದರಿಂದ ಪ್ರಯೋಜನ ಇಲ್ಲ ಅಂತ ಅರ್ಧಕ್ಕೆ ಬಿಡೋದು. ಭೇದಿ ನಿಲ್ಲಿಸೋದು ಓಆರ್‌ಎಸ್ ಕೆಲಸವೇ ಅಲ್ಲ, ಹೋದ ನೀರನ್ನ ವಾಪಸ್ ತುಂಬೋದು ಅದರ ಕೆಲಸ. ಈ ಒಂದು ಸಾಲು ಗೊತ್ತಿದ್ರೆ ಅರ್ಧಕ್ಕೆ ಬಿಡಲ್ಲ.

ಕಲಿಸೋಕೆ ಆಗಲ್ಲ ಅನ್ನೋದನ್ನೂ ನಾನು ಒಪ್ಪಲ್ಲ. ಬಾಂಗ್ಲಾದೇಶದಲ್ಲಿ 1980ರಿಂದ 1990ರ ಒಳಗೆ ಬ್ರಾಕ್ ಸಂಸ್ಥೆಯ ಹೆಣ್ಣುಮಕ್ಕಳು ಒಂದು ಕೋಟಿಗೂ ಹೆಚ್ಚು ಮನೆಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಅಂತ ಕೈಹಿಡಿದು ಕಲಿಸಿದ್ರು. ಕಲಿಸಿದವರಿಗೆ ಸಂಬಳ ಎಷ್ಟು ಮನೆಗೆ ಹೋದ್ರಿ ಅಂತ ಲೆಕ್ಕ ಹಾಕಿ ಅಲ್ಲ, ಆಮೇಲೆ ಬೇರೆಯವರು ಹೋಗಿ ಕೇಳಿದಾಗ ಆ ತಾಯಿಗೆ ಎಷ್ಟು ನೆನಪಿದೆ ಅಂತ ನೋಡಿ! ಇದನ್ನ ಓದಿದಾಗ ನಮ್ಮ ಮೂರು ಅಂಕದ ಪ್ರಶ್ನೆ ನೆನಪಾಗಿ ನಾಚಿಕೆ ಆಯ್ತು.

ಇನ್ನು ಕಾನೂನು. 2025ರ ಅಕ್ಟೋಬರ್ 14ರಂದು ಆಹಾರ ಸುರಕ್ಷತಾ ಪ್ರಾಧಿಕಾರ, ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನೋ ಪದ ಹಿಂದೆ ಮುಂದೆ ಎಲ್ಲೂ ಸೇರಿಸೋ ಹಾಗಿಲ್ಲ ಅಂತ ಆದೇಶ ಮಾಡ್ತು. ಮೊದಲು, ಹಿಂದುಗಡೆ ಒಂದು ಎಚ್ಚರಿಕೆ ಸಾಲು ಹಾಕಿದ್ರೆ ಹೆಸರು ಇಟ್ಕೋಬಹುದು ಅಂತ ಇತ್ತು. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ಹಿಂದೆ ಬಿದ್ದು, ಕೋರ್ಟಿಗೆ ಹೋಗಿ ಹೋರಾಡಿದ್ದಕ್ಕೆ ಇದು ಆಯ್ತು. ಸುದ್ದಿ ಬಂದ ದಿನ ಅಕ್ಕ ವಾಟ್ಸಾಪಲ್ಲಿ ಕಳಿಸಿ "ಆರು ತಿಂಗಳು ಲೇಟು" ಅಂತ ಮಾತ್ರ ಬರೆದಿದ್ಲು. ಆ ಹಳೇ ನಿಯಮ ಮಾಡಿದವರ ತಲೆಯಲ್ಲಿ ಏನಿತ್ತು ಅನ್ನೋದು ನನಗೆ ಈಗಲೂ ಅರ್ಥ ಆಗಿಲ್ಲ. ಮುಂದೆ ದೊಡ್ಡಕ್ಷರದಲ್ಲಿ ಹೌದು ಅನ್ನು, ಹಿಂದೆ ಸಣ್ಣಕ್ಷರದಲ್ಲಿ ಅಲ್ಲ ಅನ್ನು. ಅದೂ ಇಂಗ್ಲಿಷಲ್ಲಿ. ವಾಂತಿ ಮಾಡ್ತಿರೋ ಮಗುವನ್ನ ಹೆಗಲ ಮೇಲೆ ಹಾಕ್ಕೊಂಡು ಅಂಗಡಿ ಮುಂದೆ ನಿಂತ ತಾಯಿ ಭೂತಗನ್ನಡಿ ಹುಡುಕಬೇಕಿತ್ತಾ?

ಆದೇಶ ಒಳ್ಳೇದೇ. ಆದರೆ ನಾಳೆ ಓಆರ್‌ಎಸ್ ಅಂತ ಬರೆಯದೆ ಹಾಗೇ ಕಾಣೋ ಇನ್ನೊಂದು ಡಬ್ಬ ಬಂದ್ರೆ ಅದನ್ನ ಯಾವ ಆದೇಶ ಹಿಡಿಯುತ್ತೆ? ಅಲ್ಲಿಗೆ ಬೇಕಾಗೋದು ಪೊರೆಯ ಪಾಠವೇ. ಹತ್ತನೇ ಕ್ಲಾಸ್ ದಾಟಿದ ಪ್ರತಿ ಮಗುವಿಗೂ ಆಲೂಗಡ್ಡೆ ಚಿತ್ರದ ಜೊತೆ ಈ ಬಾಗಿಲಿನ ಚಿತ್ರವೂ ಬರೆಯೋಕೆ ಬರಬೇಕು, ಅಂಕಕ್ಕಲ್ಲದಿದ್ರೂ ಅಂಗಡಿಯಲ್ಲಿ ಡಬ್ಬ ತಿರುಗಿಸಿ ನೋಡೋಕೆ. ಅಷ್ಟೇ ಅಲ್ಲ, ಇಲ್ಲಿ ಬರೆಯೋ ನಾವೂ ಒಂದಿಷ್ಟು ಬರೀಬಹುದು. ಪ್ರವಾಸ ಕಥನ, ಸಿನಿಮಾ ವಿಮರ್ಶೆ, ಬೆಂಗಳೂರು ಟ್ರಾಫಿಕ್ ಬಗ್ಗೆ ಗೋಳು ಎಲ್ಲ ಬರೀತೀವಿ (ನಾನೇ ಹನ್ನೊಂದು ಸಲ ಬರೆದಿದೀನಿ). ನಮ್ಮಲ್ಲಿ ನರ್ಸ್ ಇದಾರೆ, ಮೇಷ್ಟ್ರು ಇದಾರೆ, ಲ್ಯಾಬಲ್ಲಿ ಕೆಲಸ ಮಾಡೋರಿದಾರೆ. ಆ ರಾತ್ರಿ ಸ್ಟೀಲ್ ಬೆಂಚಲ್ಲಿ ಕೂತು ನಾನು ಓದಿದ ಎಲ್ಲವೂ ಇಂಗ್ಲಿಷಲ್ಲಿತ್ತು. ನಿಮ್ಮಲ್ಲಿ ಯಾರಾದ್ರೂ ಇದನ್ನ ನನಗಿಂತ ಸರಿಯಾಗಿ ಬರೆಯಬಲ್ಲವರಿದ್ರೆ ದಯವಿಟ್ಟು ಬರೀರಿ. ತಪ್ಪಿದ್ರೆ ತಿದ್ದಿ.

ಅಂದ ಹಾಗೆ ನಮ್ಮ ಹಳಬರು ಇದನ್ನೂ ಮುಟ್ಟಿಬಿಟ್ಟಿದ್ರು. ಭೇದಿ ಅಂದ್ರೆ ಉಪ್ಪು ಹಾಕಿದ ತೆಳು ಗಂಜಿ. ಗಂಜಿಯ ಪಿಷ್ಟ ಕರುಳಲ್ಲಿ ಮುರಿದು ಗ್ಲೂಕೋಸ್ ಆಗುತ್ತೆ, ಉಪ್ಪು ಜೊತೆಗಿದೆ, ಬಾಗಿಲು ತೆರೆಯುತ್ತೆ. ಸ್ವಲ್ಪ ಸ್ವಲ್ಪವೇ ಬಿಡುಗಡೆ ಆಗೋದ್ರಿಂದ ಒಮ್ಮೆಲೇ ಸಕ್ಕರೆ ತುಂಬೋ ತೊಂದರೆಯೂ ಇಲ್ಲ. ಅಕ್ಕಿ ಹಿಟ್ಟಿನ ಓಆರ್‌ಎಸ್ ಕಾಲರಾಕ್ಕೆ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಪರೀಕ್ಷೆ ಮಾಡಿಯೂ ನೋಡಿದಾರೆ. ಆವತ್ತು ಅಜ್ಜಿ ಬೆಳಗ್ಗೆಯೇ "ಗಂಜಿ ತಿಳಿ ಕೊಡಿ" ಅಂದಿದ್ಲು. "ಸುಮ್ನಿರಜ್ಜಿ, ಓಆರ್‌ಎಸ್ ತಂದಿದೀನಿ" ಅಂದವನು ನಾನು. ಆದರೆ ಅದೇ ಹಳಬರಲ್ಲಿ ಭೇದಿ ಆದಾಗ ನೀರೇ ಕೊಡಬಾರದು ಅನ್ನೋ ನಂಬಿಕೆಯೂ ಇತ್ತು, ಅದರಿಂದ ಎಷ್ಟೋ ಮಕ್ಕಳು ಹೋದವು. ಹಳೇದೆಲ್ಲ ಹೊನ್ನು ಅಂತ ಹೇಳೋಕೆ ಇದನ್ನ ಬರೀತಿಲ್ಲ.

ಈ ಸಲ ಊರಿಂದ ಹೊರಡೋ ಮುಂಚೆ ಒಂದು ಚೀಟಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದೆ. ಮೊದಲ ಸಾಲು, ಪೌಡರ್ ಪ್ಯಾಕೆಟ್ ಮನೇಲಿ ಯಾವಾಗಲೂ ಎರಡು ಇರಲಿ, ಅದರ ಮೇಲೆ ಎಷ್ಟು ನೀರು ಅಂತ ಇದೆಯೋ ಅಷ್ಟಕ್ಕೇ ಕಲಸೋದು. ಎರಡನೇದು, ಪ್ಯಾಕೆಟ್ ಇಲ್ಲದಿದ್ರೆ ಕುದಿಸಿ ಆರಿಸಿದ ನೀರು 1 ಲೀಟರ್, ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ವಾಂತಿ ಇದ್ರೂ ಎರಡು ನಿಮಿಷಕ್ಕೊಂದು ಚಮಚ. ಮೂರನೇದು ಕೆಂಪು ಪೆನ್ನಲ್ಲಿ: ಅಳುವಾಗ ಕಣ್ಣೀರು ಬರದಿದ್ರೆ, ಉಚ್ಚೆ ಆಗದಿದ್ರೆ, ಮಂಪರಾಗಿ ಮಲಗಿಬಿಟ್ರೆ, ಕುಡಿಯೋಕೇ ಆಗದಿದ್ರೆ, ಚಮಚ ಬಿಟ್ಟು ಆಟೋ ಹತ್ತಿ.

ಅಜ್ಜಿ ಕನ್ನಡಕ ಏರಿಸಿ ಪೂರ್ತಿ ಓದಿದಳು. "ಆರು ಚಮಚ ಅಂದ್ಯಲ್ಲ, ಗುಪ್ಪೆಯಾಗಿ ತುಂಬಿದ್ದೋ, ಬೆರಳಲ್ಲಿ ಮಟ್ಟ ಮಾಡಿದ್ದೋ?"

ಅದನ್ನ ಬರೆದೇ ಇರಲಿಲ್ಲ ನೋಡಿ. ಚೀಟಿ ಕಿತ್ತು ಮತ್ತೆ ಬರೆದೆ: ಮಟ್ಟ ಮಾಡಿದ್ದು.